ಸೋತ ಮಡಿಯ ಮೆಂತೆಪಲ್ಯ

ತಿಕೋಟಾದ ನಮ್ಮ ತೋಟದಾಗ ಗ್ರಾಮಸೇವಕರು ಪಂದ್ಯ ಹಚ್ಚಿದ್ರು. ಒಂದು ಮಡಿ ಮೆಂತೆಪಲ್ಯಕ್ಕ ಸರಕಾರಿ ಚೀಲದ ಗೊಬ್ಬರ, ಬಾಜೂಕಿನದಕ್ಕ ಅವ್ವನ ತಿಪ್ಪಿಗೊಬ್ಬರ. ಅವ್ವ ಸೋತರ ಮುಂದ ಇಡೀ ತೋಟಕ್ಕ ಸರಕಾರಿದ ಹಾಕೂದು ಅಂತ ಅಪ್ಪ ಒಪ್ಪಿದ್ದ.

ಸರಕಾರಿ ಪಲ್ಯ ಮೊಳಕಾಲಿಗೆ ಬಂತು, ಅವ್ವಂದು ಗೇಣು ದಾಟಲಿಲ್ಲ. ಗ್ರಾಮಸೇವಕ ಸಾಹೇಬ್ರು ಊರ ಮಂದಿ ಮುಂದ ಭಾಷಣ ಬಿಗಿದು, ನಾವ ಗೆದ್ದೇವಿ ಅಂತ ಸಾರಿದ್ರು. ಅವ್ವನ ಮಾರಿ ಸಣ್ಣದಾತು.

ನಾನು ಕುಡಗೋಲು ಹಿಡಕೊಂಡು ಕೇಳಿದೆ, "ಸಾಹೇಬ್ರ, ನಿಮ್ಮ ಮನಿಗೆ ಗೆದ್ದ ಪಲ್ಯ ಕೊಯ್ಯಲೇನ್ರಿ?"

ಅವರು ಆಕಡೆ ಈಕಡೆ ನೋಡಿ, ದನಿ ಇಳಿಸಿ, "ನಿಮ್ಮವ್ವನ ಮಡೀದ ಕೊಯ್ಯಿ. ಈ ದೊಡ್ಡ ಎಲಿ ಬರೇ ನೀರು, ನಮ್ಮನಿಯಾಕಿ ಹೊರಗ ಒಗೀತಾಳ" ಅಂದ್ರು.

"ಅಪ್ಪಾ, ಕೇಳಿದೇನ?" ಅಂತ ಒದರಿದೆ.

ಅಪ್ಪ ನಕ್ಕು, "ನಮ್ಮ ತಿಪ್ಪೀನ ಇರಲಿ" ಅಂದ. ಗೆದ್ದ ಪಲ್ಯಾನ ಎಮ್ಮಿಗೆ ಹಾಕಿದ್ವಿ. ಮರುದಿನ ಅದೂ ಸಗಣಿಯಾಗಿ ಅವ್ವನ ತಿಪ್ಪಿ ಸೇರಿತು.