ಎದುರುಮನೆ ಆಂಟಿಯ ಕೆಂಪು ಪುಟಗಳು

ಮೊನ್ನೆ ಮಾಸ್ಕ್ ರೋಡಿನ ಬೇಕರಿಯೊಂದರ ಮುಂದೆ ಆಟೋ ನಿಂತಾಗ ರೋಸ್ ಕುಕೀಸ್ ಎಂಬ ಕ್ರಿಸ್‌ಮಸ್ ತಿಂಡಿ ಕರಿಯುವ ವಾಸನೆ ಬಂತು. ಕಾದ ಎಣ್ಣೆ, ತೆಂಗಿನಹಾಲು, ಏಲಕ್ಕಿ... ಬೇರೆಯವರಿಗೆ ಬಾಯಲ್ಲಿ ನೀರೂರುತ್ತದೆ. ನನಗೆ ಎದುರುಮನೆ ಆಂಟಿ ನೆನಪಾದರು.

ಕುಕ್ ಟೌನಿನಲ್ಲಿ ಅವರ ಮನೆ, ನಮ್ಮ ಮನೆ ಎದುರುಬದುರು. ಆಂಟಿ ತಂಗಿಯ ಜೊತೆ ಇದ್ದರು. ಕ್ರಿಸ್‌ಮಸ್ ಬಂತೆಂದರೆ ಬೀದಿಗೆಲ್ಲ ತಿಂಡಿ ತಟ್ಟೆ ಹಂಚುವವರು. ಬೀದಿಯ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ, ಅವರ ಕೈ ಅಡುಗೆಯೂ ಅವರ ಜೊತೆಗೇ ಹೋಗುತ್ತಿದೆ ಎಂದು ಸದಾ ಕೊರಗುತ್ತಿದ್ದರು. ನಾನು ಸಾಫ್ಟ್‌ವೇರ್ ಕೆಲಸದವಳು. ಆ ಅಡುಗೆಗಳನ್ನು ಬರೆದಿಡಲೆಂದು ಜಂಬದಿಂದ ಒಂದು ವಿಕಿ ಮಾಡಿಕೊಟ್ಟೆ. ಯಾರು ಬೇಕಾದರೂ ಬರೆಯಬಹುದಾದ, ತಿದ್ದಬಹುದಾದ ಜಾಲತಾಣ ಅದು.

ಆಂಟಿ ಹಿಡಿದ ಹಟಕ್ಕೆ ಬರೆಯಲು ಕಲಿತರು. ಮನೆಮನೆಗೆ ಹೋಗಿ ಕೇಳಿಕೊಂಡು ಬಂದು, ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ಪುಟ ತುಂಬಿಸಿದರು. ಸಾಮಗ್ರಿಪಟ್ಟಿಗೆ ಒಂದು, ಅಳತೆ ಹೆಚ್ಚುಕಡಿಮೆ ಮಾಡಲು ಒಂದು, ಒಲೆಯ ಸಮಯಕ್ಕೆ ಒಂದು ಎಂದು ನಾನು ಎಕ್ಸ್‌ಟೆನ್ಷನ್‌ಗಳನ್ನು, ಅಂದರೆ ವಿಕಿಗೆ ಜೋಡಿಸುವ ಪುಟ್ಟ ಪ್ರೋಗ್ರಾಂಗಳನ್ನು, ಬರೆದುಕೊಟ್ಟಿದ್ದೆ. ಒಂದೊಂದನ್ನು ಒಂದೊಂದು ಕಾಲದಲ್ಲಿ, ಮನಸ್ಸಿಗೆ ಬಂದ ಹಾಗೆ. ಹಾಗಾಗಿ ಅಡುಗೆ ನಾಲ್ಕು ಜನಕ್ಕೆ ಎಂದು ತಿಳಿಸಲು ಒಂದಕ್ಕೆ ‘ಜನ=4’ ಎನ್ನಬೇಕು, ಇನ್ನೊಂದಕ್ಕೆ ‘ಮಂದಿ:4’. ಮೂರನೆಯದಕ್ಕೆ ಹೆಸರೇ ಬೇಡ, ಬರೀ ನಾಲ್ಕು ಸಾಕು.

“ಯಾಕಮ್ಮಾ, ಇಲ್ಲಿ ಜನ ಅಂತೀಯ, ಅಲ್ಲಿ ಮಂದಿ ಅಂತೀಯ? ಊಟಕ್ಕೆ ಬರೋದು ಅವರೇ ತಾನೇ?” ಎಂದು ಆಂಟಿ ನಗುತ್ತಾ ಕೇಳಿದರು.

ನ್ಯಾಯವಾದ ಪ್ರಶ್ನೆ. ಮಾಡ್ತೀನಿ ಮಾಡ್ತೀನಿ ಎಂದು ತಿಂಗಳುಗಟ್ಟಲೆ ತಳ್ಳಿದೆ. ಕೊನೆಗೊಂದು ಭಾನುವಾರ ಹುಮ್ಮಸ್ಸು ಬಂದು ಕೂತು, ಎಲ್ಲ ಕಡೆಯೂ ‘ಜನ=4’ ಎಂದೇ ಬರೆಯುವಂತೆ ಬದಲಾಯಿಸಿದೆ. ಹಳೆಯ ರೀತಿಯಲ್ಲಿ ಬರೆದ ಪುಟಗಳಿಗಾಗಿ ಹಳೆಯದನ್ನೂ ಉಳಿಸಿಕೊಳ್ಳಬೇಕು ಎಂಬುದು ಈ ಕೆಲಸದಲ್ಲಿ ಅ ಆ ಇ ಈ. ನನಗದು ಗೊತ್ತಿತ್ತು. ಸೋಮಾರಿತನ, ಇನ್ನೇನು? ಹಳೆಯದನ್ನು ಕಿತ್ತು ಬಿಸಾಕಿದೆ. ಅದರ ಮೇಲೆ, ಹೊಸ ರೀತಿಗೆ ಹೊಂದದ ಕಡೆಯಲ್ಲೆಲ್ಲ ‘ನೀವು ತಪ್ಪಾಗಿ ಬರೆದಿದ್ದೀರಿ’ ಎಂದು ಕೆಂಪಕ್ಷರದಲ್ಲಿ ಬರುವ ಹಾಗೆ ಮಾಡಿದೆ. ಏನು ತಪ್ಪು, ಹೇಗೆ ತಿದ್ದಬೇಕು, ಒಂದೂ ಇಲ್ಲ. ಆಂಟಿಗೆ ಹೇಳಲೂ ಇಲ್ಲ.

ಅದೇ ವಾರ ಆಂಟಿ ಚರ್ಚಿನ ಹಾಲ್‌ನಲ್ಲಿ ಹೆಂಗಸರನ್ನೆಲ್ಲ ಕೂರಿಸಿಕೊಂಡು ವಿಕಿ ತೋರಿಸಲು ನಿಂತಿದ್ದರು. ತೆರೆದ ಪುಟವೆಲ್ಲ ಕೆಂಪು. ನೀವು ತಪ್ಪಾಗಿ ಬರೆದಿದ್ದೀರಿ, ನೀವು ತಪ್ಪಾಗಿ ಬರೆದಿದ್ದೀರಿ... ಅಷ್ಟು ಜನರ ಮುಂದೆ.

ಸಂಜೆ ನಮ್ಮ ಗೇಟಿನ ಹತ್ತಿರ ಬಂದು ನಿಂತರು. ಕಣ್ಣು ತುಂಬಿತ್ತು.

“ಏನೋ ಒತ್ತಿ ಕೆಡಿಸ್ಬಿಟ್ಟೆ ಕಣಮ್ಮಾ. ನಿನ್ ಕೆಲಸ ಎಲ್ಲಾ ಹಾಳ್ ಮಾಡ್ಬಿಟ್ಟೆ. ಸಾರಿ ಮ್ಮಾ, ತಪ್ಪು ತಿಳ್ಕೋಬೇಡ.”

ನನಗೆ ತಕ್ಷಣ ಅರ್ಥವಾಯಿತು. ಬಾಯಿ ಬಿಟ್ಟು ಹೇಳಬೇಕಿತ್ತು, ಆಂಟಿ, ಕೆಡಿಸಿದ್ದು ನಾನು ಅಂತ. ಅಷ್ಟೇ ಮಾತು.

“ಪರವಾಗಿಲ್ಲ ಬಿಡಿ ಆಂಟಿ, ಆಗುತ್ತೆ,” ಎಂದೆ. ನಾನು ಮಾಡಿದ ತಪ್ಪಿಗೆ ನಾನೇ ಅವರನ್ನು ಕ್ಷಮಿಸಿದೆ!

ಮರುದಿನ ಬೆಳಿಗ್ಗೆ ಹಳೆಯ ರೀತಿಯೂ ನಡೆಯುವಂತೆ ಸರಿಪಡಿಸಿದೆ. ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ. ಪುಟಗಳು ಮೊದಲಿನಂತಾದವು. ಕರೆದು ತೋರಿಸಿದರೆ ಆಂಟಿ ನನ್ನ ಕೆನ್ನೆ ಸವರಿ, “ಗಾಡ್ ಬ್ಲೆಸ್ ಯು ಮ್ಮಾ. ಇನ್ಮೇಲೆ ನಾನು ಮುಟ್ಟಲ್ಲ, ಬರೀ ನೋಡ್ತೀನಿ,” ಎಂದರು. ಗುಟ್ಟು ಉಳಿಯಿತಲ್ಲ ಎಂದು ನನಗೆ ಒಳಗೊಳಗೇ ಹಾಯೆನಿಸಿತು. ಥೂ, ಎಂಥ ಹಾಳು ಸಮಾಧಾನ ಅದು.

ಆಂಟಿ ಆಮೇಲೆ ಒಂದಕ್ಷರ ಬರೆಯಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡಿದರೆ ನಿಜ ಹೇಳಬೇಕಾಗುತ್ತಿತ್ತಲ್ಲ...

ಹೋದ ವರ್ಷ ಆಂಟಿ ತೀರಿಹೋದರು. ಮಾತಾಡಿಸಲು ಹೋದಾಗ ಅವರ ತಂಗಿ ನನ್ನ ಕೈ ಹಿಡಿದುಕೊಂಡು ಅತ್ತರು.

“ಅಕ್ಕ ಎಲ್ಲರ ಹತ್ರನೂ ನಿನ್ ಮಾತೇ ಆಡೋರು ಮ್ಮಾ. ‘ನಾನು ಅಷ್ಟೆಲ್ಲಾ ಹಾಳ್ ಮಾಡಿದ್ರೂ ಆ ಹುಡುಗಿ ಒಂದ್ ಮಾತು ಬೈಲಿಲ್ಲ, ಎಂಥಾ ಒಳ್ಳೇ ಮನಸ್ಸು’ ಅನ್ನೋರು.”

ಆಗಲಾದರೂ ಹೇಳಬಹುದಿತ್ತು. ಅವರು ಕೊಟ್ಟ ಟೀ ಕುಡಿದು ಎದ್ದು ಬಂದೆ.

ಮೊನ್ನೆ ಮನೆಗೆ ಬಂದವಳೇ ವಿಕಿ ತೆರೆದು ನೋಡಿದೆ. ಆಂಟಿ ಬರೆದಿದ್ದೆಲ್ಲ ಚೆನ್ನಾಗಿಯೇ ಇದೆ. ಒಂದು ಪುಟಕ್ಕೆ ಮಾತ್ರ ‘ಅಮ್ಮನ ಬಾಲ್ ಕರಿ’ ಎಂದು ಅವರ ತಾಯಿ ಮಾಡುತ್ತಿದ್ದ ಖೀಮಾ ಉಂಡೆ ಸಾರಿನ ಹೆಸರಿಟ್ಟು ಹಾಗೇ ಬಿಟ್ಟಿದ್ದಾರೆ. ಒಳಗೆ ಏನೂ ಇಲ್ಲ. ಅದರ ಮಸಾಲೆ ತಂಗಿಗೂ ಗೊತ್ತಿಲ್ಲವಂತೆ. ನನ್ನನ್ನು ಒಳ್ಳೆಯವಳೆಂದೂ ತಮ್ಮನ್ನು ದಡ್ಡಿಯೆಂದೂ ನಂಬಿಕೊಂಡೇ ಆಂಟಿ ಹೋಗಿಬಿಟ್ಟರು.