ಕೆರೆ ನುಂಗಿದ ವಿಮಾನ

ನನ್ನ ತಮ್ಮನ ಕೆಲಸ ಬಾವಿಗೆ ಬಿದ್ದ ಮೋಟಾರು ಎತ್ತುವುದು. ಅವನ ಮನೆ ಬಸವಕಲ್ಯಾಣದಲ್ಲಿ, ನನ್ನದು ಹುಮನಾಬಾದಿನಲ್ಲಿ. ನಾನು ಪತ್ರಿಕೆಯೊಂದಕ್ಕೆ ಸುದ್ದಿ ಬರೆಯುತ್ತೇನೆ. ಅವನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಉಸಿರು ಹಿಡಿದು ನೀರಿಗೆ ಇಳಿಯುತ್ತಾನೆ. ತಳದಲ್ಲಿ ಕೈಯಾಡಿಸಿ ಹುಡುಕುತ್ತಾನೆ. ಮೋಟಾರು ಸಿಕ್ಕರೆ ಕೊಂಡಿ ಹಾಕಿ ಮೇಲೆ ಬರುತ್ತಾನೆ. ಕೆಸರು ನೀರಿನಲ್ಲಿ ಕಣ್ಣು ತೆರೆದರೂ ಅಷ್ಟೇ, ಮುಚ್ಚಿದರೂ ಅಷ್ಟೇ. ಹಾವಿಗಾಗಲಿ, ಕುಸಿಯುವ ಕಲ್ಲಿಗಾಗಲಿ ಅವನು ಹೆದರಿದ್ದನ್ನು ನಾನು ನೋಡಿರಲಿಲ್ಲ.

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಅವನು ಇದ್ದಕ್ಕಿದ್ದಂತೆ ನಮ್ಮ ಮನೆಗೆ ಬಂದ. ಒದ್ದೆ ಚಡ್ಡಿಯ ಮೇಲೇ ಲುಂಗಿ ಸುತ್ತಿಕೊಂಡಿದ್ದ. ನನ್ನ ಹೆಂಡತಿ ಕೊಟ್ಟ ಚಹಾ ಬಸಿಯಲ್ಲೇ ಆರಿತು.

“ಆ ಕೆರಿಯಾಗ ವಿಮಾನ ಅದ ಅಣ್ಣಾ,” ಎಂದ. “ಒಳಗ ಯಾರೋ ಕುಂತಾರ.”

ಅವನು ಹೇಳಿದ್ದು ರಾಜೇಶ್ವರದಿಂದ ಒಳಗೆ ಸರಿದರೆ ಸಿಗುವ ಒಂದು ಹಳೆಯ ಕೆರೆಯ ವಿಷಯ. ಕೆರೆಯ ನಡುವೆ ಕೆಂಪುಕಲ್ಲು ಕಡಿದ ದೊಡ್ಡ ಗುಂಡಿಯಿದೆ. ಸುತ್ತಲಿನ ನೀರು ಬೇಸಿಗೆಯಲ್ಲಿ ಸರಿದರೂ ಆ ಗುಂಡಿ ಬತ್ತುವುದಿಲ್ಲ. ರೈತರೊಬ್ಬರು ಖಾಲಿ ಡ್ರಮ್ಮುಗಳ ಮೇಲೆ ತೇಲಬಿಟ್ಟಿದ್ದ ಮೋಟಾರು ಮಗುಚಿ ಅದರೊಳಗೆ ಬಿದ್ದಿತ್ತು. ಅದನ್ನು ಹುಡುಕಲು ಇಳಿದವನ ಕೈಗೆ ಮೊದಲು ತಗಡಿನ ಗೋಡೆ ತಾಗಿತಂತೆ. ತಗಡಿನ ಉದ್ದಕ್ಕೂ ಸಾಲಾಗಿ ಗುಂಡುತಲೆಯ ಮೊಳೆಗಳು. ಅದನ್ನೇ ಹಿಡಿದು ಸರಿದರೆ ಒಂದು ಕಿಂಡಿ. ಕಿಂಡಿಯೊಳಗೆ ಕೈ ಹಾಕಿದರೆ ಕುರ್ಚಿಯ ಬೆನ್ನು, ಚರ್ಮದ ಪಟ್ಟಿ, ಅದರ ಕೆಳಗೆ ಮೆತ್ತನೆಯ, ಮಡಚಿದ ಮೊಣಕಾಲಿನಂಥದ್ದು.

“ಮೊಣಕಾಲಂತ ನಿನಗ ಹ್ಯಾಂಗ ತಿಳೀತು?”

“ನಿನ್ನ ಮೊಣಕಾಲ ಕತ್ತಲದಾಗ ಮುಟ್ಟಿದ್ರ ಅದು ಕುಂಬಳಕಾಯಿ ಅಂತೀಯೇನು ನೀನು?” ಎಂದು ಸಿಡುಕಿದ.

ನಮ್ಮ ಕಡೆಯವರಿಗೆ ಈ ಮಾತು ಕೇಳಿ ಮೈ ಜುಮ್ಮೆನ್ನಲು ಬೇರೆ ಕಾರಣವಿದೆ. ಲಿಂಗವಂತರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಬಿದಿರಿನಿಂದ ಕಟ್ಟಿ ಹೂವಿನಿಂದ ಸಿಂಗರಿಸಿದ ಪೀಠದಲ್ಲಿ ಕೂರಿಸಿ ಒಯ್ಯುತ್ತಾರೆ. ಕೂರಿಸಿಯೇ ಸಮಾಧಿ ಮಾಡುತ್ತಾರೆ. ಆ ಪೀಠಕ್ಕೆ ಹೆಸರು ವಿಮಾನ. ಆ ಕೆರೆ ಒಂದು ವಿಮಾನವನ್ನು ನುಂಗಿದೆ ಎಂಬ ಮಾತು ನಾವು ಚಿಕ್ಕವರಿದ್ದಾಗಲೇ ಇತ್ತು. ಮಳೆಗಾಲದಲ್ಲಿ ಹೊರಟ ಶವಯಾತ್ರೆ ಏರಿಯ ಮೇಲೆ ಜಾರಿ, ಕುಳಿತ ಹೆಣದ ಸಮೇತ ವಿಮಾನ ನೀರಿಗೆ ಹೋಯಿತೆಂದೇ ಎಲ್ಲರೂ ತಿಳಿದಿದ್ದರು. ಸಂಜೆಯಾದ ಮೇಲೆ ಅಲ್ಲಿ ಎಮ್ಮೆಗೆ ನೀರು ಕುಡಿಸಲೂ ಯಾರೂ ಹೋಗುತ್ತಿರಲಿಲ್ಲ. ನನ್ನ ತಮ್ಮನೂ ಆ ಕಥೆಯನ್ನೇ ಮುಟ್ಟಿ ಬಂದಿದ್ದೇನೆಂದು ನಂಬಿದ್ದ. ಬಿದಿರಿನ ಪೀಠಕ್ಕೆ ತಗಡು, ಮೊಳೆ ಎಲ್ಲಿಂದ ಬಂದವು ಎಂದು ಕೇಳಿದೆ. ಅವನು ಲುಂಗಿಯ ಮಡಿಕೆಯಿಂದ ಅಂಗೈಯಗಲದ ಒಂದು ತುಂಡು ತೆಗೆದು ಇಟ್ಟ.

ಹಗುರವಾದ ಲೋಹ. ಕೆಸರು ತೊಳೆದರೆ ಹಸಿರು ಬಣ್ಣದ ಉಳಿಕೆ, ಒತ್ತಿ ಮೂಡಿಸಿದ ಇಂಗ್ಲಿಷ್ ಅಕ್ಷರ ಮತ್ತು ಅಂಕಿ. ಬೀದರಿನಲ್ಲಿ ನನಗೆ ಪರಿಚಯದವರೊಬ್ಬರಿದ್ದಾರೆ, ವಾಯುಪಡೆಯಲ್ಲಿ ಯಂತ್ರಗಳ ಕೆಲಸ ಮಾಡಿ ನಿವೃತ್ತರಾದವರು. ಚಿತ್ರ ಕಳುಹಿಸಿದೆ. ಅವರು ಫೋನ್ ಮಾಡಿ ಮೊದಲು ಕೇಳಿದ್ದು, ಅದನ್ನು ತಂದವನು ಈಗ ಎಲ್ಲಿದ್ದಾನೆ ಎಂದು. ನನ್ನೆದುರಿಗೇ ಇದ್ದಾನೆ ಎಂದಾಗ ಅವರ ದನಿ ಸ್ವಲ್ಪ ಸಡಿಲವಾಯಿತು.

ಒಂದು ತುಂಡಿನಿಂದ ತೀರ್ಮಾನ ಹೇಳಲಾಗದು, ಆದರೆ ಎರಡನೇ ಮಹಾಯುದ್ಧದ ಕಾಲದ ವಿಮಾನದ ಮೈತಗಡು ಹೀಗೇ ಇರುತ್ತಿತ್ತು ಎಂದರು. ರೆಕ್ಕೆಗೆ ಒಂದೊಂದು ಇಂಜಿನ್ ಇದ್ದು, ಹೊಟ್ಟೆಯ ಕೆಳಗೆ ಉದ್ದಕ್ಕೆ ಎರಡು ಬಾಗಿಲಿದ್ದರೆ ಅದು ಬಾಂಬರ್. ಬಾಗಿಲು ತೆರೆದಿದ್ದರೆ ಬಾಂಬುಗಳನ್ನು ಎಲ್ಲೋ ಚೆಲ್ಲಿ ಬಂದು ಬಿದ್ದಿರಬಹುದು. ಮುಚ್ಚಿದ್ದರೆ ಅವು ಒಳಗೇ ಇರಬಹುದು. “ನೀರಿನಲ್ಲಿ ನೆನೆದಿವೆ, ಸತ್ತಿವೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ವಯಸ್ಸಾದಷ್ಟೂ ಅವುಗಳ ಸಿಟ್ಟು ಹೆಚ್ಚು. ಅಲ್ಲಾಡಿಸಬಾರದು. ಯಾರೂ ಇಳಿಯಬಾರದು.”

ತಮ್ಮ ಕೇಳಿಸಿಕೊಂಡ. ಇಳಿಯುವುದಿಲ್ಲ ಎಂದ. ನಾನು ಠಾಣೆಗೆ ಹೋಗಿ ತಿಳಿಸಿದೆ. ಅವರು ಬರೆದುಕೊಂಡು, ಮೇಲಿನವರಿಗೆ ಕಳಿಸುತ್ತೇವೆ ಎಂದರು. ಪತ್ರಿಕೆಗೆ ಮಾತ್ರ ನಾನು ಏನನ್ನೂ ಕಳುಹಿಸಲಿಲ್ಲ. ಕೈಯಲ್ಲಿದ್ದುದು ಒಂದು ತುಂಡು, ಒಬ್ಬರ ಅಂದಾಜು. ಆದರೆ ಸುದ್ದಿಗೆ ನನ್ನ ಪತ್ರಿಕೆಯೇ ಬೇಕೆಂದಿರಲಿಲ್ಲ. ಕೆರೆಯಲ್ಲಿ ವಿಮಾನ ಸಿಕ್ಕಿದೆ, ಒಳಗೆ ಕುಳಿತವರಿದ್ದಾರೆ ಎಂಬುದು ಮೋಟಾರಿನ ರೈತರ ಬಾಯಿಂದ ಹೊರಟು ಹುಡಗಿ ಗ್ರಾಮದವರೆಗೆ ಹೋಗಿತ್ತು. ಅಲ್ಲಿ ಅದಕ್ಕೆ ವಾರಸುದಾರರಿದ್ದರು.

ಮರುದಿನ ಬೆಳಿಗ್ಗೆ ತಮ್ಮನ ಹೆಂಡತಿಯ ಫೋನು. “ಭಾವ್ರ, ಹುಡಗಿ ಗೌಡ್ರು ಬಂದು ಇವ್ರನ್ನ ಕರ್ಕೊಂಡು ಹೋದರ್ರಿ. ಎರಡು ಟ್ರ್ಯಾಕ್ಟರ್ ಅದಾವಂತ. ನಾ ಬ್ಯಾಡ ಅಂದ್ರ ಕೇಳಲಿಲ್ರಿ.”

ಹುಮನಾಬಾದಿನಿಂದ ರಾಜೇಶ್ವರದ ರಸ್ತೆ ನನಗೆ ಅಂಗೈಯಷ್ಟು ಪರಿಚಿತ. ಆ ದಿನ ಅದು ಮುಗಿಯಲಿಲ್ಲ. ಹಳ್ಳಿಖೇಡದ ಕಡೆ ಹೋಗುವ ಕಬ್ಬಿನ ಲಾರಿಯೊಂದು ದಾರಿಗೆ ಅಡ್ಡವಾಗಿ ತಿರುಗುತ್ತಿತ್ತು. ನಾನು ಹಾರ್ನ್ ಒತ್ತಿ ಹಿಡಿದೆ. ಅಷ್ಟು ಹೊತ್ತು ಹಾರ್ನ್ ಒತ್ತುವ ಮನುಷ್ಯ ನಾನಲ್ಲ.

ಕೆರೆಯ ದಂಡೆಯಲ್ಲಿ ಜನ ನಿಂತಿದ್ದರು. ಕಬ್ಬು ಎಳೆಯುವ ಎರಡು ಟ್ರ್ಯಾಕ್ಟರ್‌ಗಳಲ್ಲಿ ಒಂದು ಇಳಿಜಾರಿನಲ್ಲಿ ನೀರಿಗೆ ಬೆನ್ನು ಮಾಡಿ ನಿಂತಿತ್ತು, ಇಂಜಿನ್ ಚಾಲೂ. ಅದರ ಹಿಂಬದಿಯಿಂದ ಕಬ್ಬಿಣದ ಸರಪಳಿ ನೀರಿನೊಳಗೆ ಹೋಗಿತ್ತು. ಜನರ ನಡುವೆ ತಮ್ಮ ಕಾಣಲಿಲ್ಲ. ಅವನ ಹಗ್ಗ ಹಿಡಿದವನು ಮಾತ್ರ ಕಂಡ.

ಗೌಡರು ಹಣೆಗೆ ವಿಭೂತಿ ಹಚ್ಚಿ, ಬಿಳಿ ರುಮಾಲು ಸುತ್ತಿ, ಹಾರ ಹಿಡಿದು ನಿಂತಿದ್ದರು. ಅವರ ಮುತ್ತಜ್ಜನ ಸಮಾಧಿ ಎಲ್ಲಿದೆ ಎಂಬುದು ಅವರ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈ ಕೆರೆ ನುಂಗಿದ್ದು ಅವನನ್ನೇ ಎಂದು ಅವರು ಹುಟ್ಟಿದಾಗಿನಿಂದ ಕೇಳಿದ್ದರು.

“ಗೌಡ್ರ, ಟ್ರ್ಯಾಕ್ಟರ್ ಬಂದ್ ಮಾಡಿಸ್ರಿ. ಅದು ಹೆಣದ ವಿಮಾನ ಅಲ್ರಿ, ಯುದ್ಧದ್ದು. ಒಳಗ ಬಾಂಬ್ ಇರಬಹುದ್ರಿ.”

“ಪೇಪರ್‌ನೋರಿಗಿ ಮಡಕಿ ಒಡದ್ರೂ ಬಾಂಬ,” ಎಂದು ಯಾರೋ ಅಂದರು. ಜನ ನಕ್ಕರು.

ಗೌಡರು ನಗಲಿಲ್ಲ. “ನಿಮ್ಮ ತಮ್ಮನಽ ಮುಟ್ಯಾನಲ್ರಿ. ಕುಂತಾನ ಅಂದಾನ. ನಮ್ಮ ಮುತ್ಯಾ ನೀರಾಗ ಕುಂತು ಎಷ್ಟು ವರ್ಷ ಆತು? ಮಣ್ಣು ಕೊಡೂದು ಬ್ಯಾಡೇನು?”

“ಅಂವ ಈಗ ಎಲ್ಲಿದ್ದಾನ್ರಿ?”

“ಕೊಂಡಿ ಹಾಕಿ ಬಂದಿದ್ದ. ಹೊಟ್ಟಿ ಕೆಳಗ ಬಾಗಿಲಾ ನೋಡಿ ಬರ್ತೀನಂತ ಮತ್ತ ಹೋಗ್ಯಾನ.”

ಹಾಗಾದರೆ ಬೀದರಿನವರು ಹೇಳಿದ ಬಾಗಿಲಿನ ಮಾತು ಅವನು ಮರೆತಿರಲಿಲ್ಲ. ಮರೆತಿದ್ದರೆ ಚೆನ್ನಾಗಿತ್ತು. ಮೇಲೇ ಇರುತ್ತಿದ್ದ.

ನಾನು ಟ್ರ್ಯಾಕ್ಟರ್ ಚಾಲಕನ ಬಳಿ ಹೋಗಿ ಇಂಜಿನ್ ಬಂದ್ ಮಾಡು ಎಂದೆ. ಅವನು ನನ್ನನ್ನು ನೋಡದೆ ಗೌಡರನ್ನು ನೋಡಿದ. ಅಷ್ಟರಲ್ಲಿ ಹಗ್ಗ ಜಗ್ಗಿತು. ಒಂದು ಜಗ್ಗು ಎಂದರೆ ಹಗ್ಗ ಸಡಿಲ ಬಿಡಿ ಎಂದು. ಹಗ್ಗ ಹಿಡಿದವನು ಹೊಸಬ.

“ಜಗ್ಗಿದಾ! ಎಳಿಯೋ!” ಎಂದು ಕೂಗಿದ.

ಚಾಲಕ ಕ್ಲಚ್ ಬಿಟ್ಟ. ಸರಪಳಿ ನೀರು ಸುರಿಸುತ್ತ ಮೇಲೆದ್ದು ನೇರವಾಯಿತು. ಆಮೇಲೆ ಕೆಳಗಿನಿಂದ ಒಂದು ಸದ್ದು ಬಂತು. ಗಾಣದ ನರಳಿಕೆಯಂತೆ, ಉದ್ದಕ್ಕೆ, ನೆಲದ ಮೂಲಕ ಬಂದು ಅಂಗಾಲಿಗೆ ತಾಗಿತು. ಗುಂಡಿಯ ನಡುವೆ ಕರಿ ಕೆಸರು ಬುಗ್ಗೆ ಬುಗ್ಗೆಯಾಗಿ ಎದ್ದಿತು. ಯಾರೂ ಹೇಳದೆಯೇ ಚಾಲಕ ಬ್ರೇಕ್ ಒತ್ತಿದ. ನಾನು ತಮ್ಮನ ಹೆಸರು ಕೂಗಿದೆನಂತೆ. ನನಗೆ ನೆನಪಿಲ್ಲ. ನೆನಪಿರುವುದು ಆ ಕೆಸರು ಗುಳ್ಳೆಗಳು, ಅವುಗಳಲ್ಲಿ ಯಾವುದು ಅವನ ಉಸಿರು ಎಂದು ಹುಡುಕುತ್ತಿದ್ದದ್ದು.

ಅವನು ಎದ್ದದ್ದು ನಾವು ನೋಡುತ್ತಿದ್ದ ಕಡೆಯಲ್ಲ, ದಂಡೆಗೆ ಹತ್ತಿರ. ಮುಖ ಬಾಡಿದ ಎಲೆಯಂತಿತ್ತು.

“ಎಳಿಬ್ಯಾಡ್ರೋ!” ಎಂದ, ನೀರು ಉಗುಳುತ್ತ. “ಎರಡು ಬಾಗಿಲಾ ಅದಾವ. ಎರಡೂ ಮುಚ್ಯಾವ. ಎಳದ್ರ ಬಿಚ್ಚಾಕತ್ಯಾವ!”

ಯಾರೂ ಓಡಲಿಲ್ಲ. ಓಡಿದರೆ ನೆಲ ಅಲುಗೀತು ಎಂಬ ಭಯವೋ ಏನೋ. ಸರಪಳಿ ಬಿಗಿದೇ ಇತ್ತು. ಚಾಲಕನ ಕಾಲು ಬ್ರೇಕಿನ ಮೇಲೇ ಇತ್ತು. ಕಾಲು ತೆಗೆದರೆ ಟ್ರ್ಯಾಕ್ಟರ್ ಹಿಂದಕ್ಕೆ ಉರುಳಿ ನೀರಿಗೆ, ಆ ಬಾಗಿಲುಗಳ ಮೇಲೆ. ಮುಂದೆ ಒತ್ತಿದರೆ ಎಳೆದಂತೆ.

ಗೌಡರು ಹಾರವನ್ನು ನೆಲಕ್ಕೆ ಹಾಕಿದರು. ತಾವೇ ಬಗ್ಗಿ ಒಂದು ಕಲ್ಲು ಎತ್ತಿ ಹಿಂದಿನ ಗಾಲಿಯ ಸ್ವಲ್ಪ ಹಿಂದೆ ಇಟ್ಟರು. “ನೋಡಾಕತ್ತೀರೇನು? ಕಲ್ಲು ತರ್ರಿ. ಸಪ್ಪಳ ಮಾಡಬ್ಯಾಡ್ರಿ.” ಜನ ಕಲ್ಲು ತಂದರು, ಕೂಸನ್ನು ಮಲಗಿಸುವಂತೆ ಇಟ್ಟರು. “ಈಗ ಹಗೂರ ಬಿಡು, ಮಗಾ. ಕೂದಲೆಳಿಯಷ್ಟು,” ಎಂದರು ಚಾಲಕನಿಗೆ. ಗಾಲಿ ಹಿಂದೆ ಸರಿದು ಕಲ್ಲಿಗೆ ಒರಗಿತು. ಸರಪಳಿ ಜೋತುಬಿತ್ತು. ನಾನೂ ತಮ್ಮನೂ ಸೇರಿ ಈ ತುದಿಯ ಕೊಂಡಿ ಬಿಚ್ಚಿ, ಸರಪಳಿಯನ್ನು ಒಂದೊಂದೇ ಕೊಂಡಿಯಾಗಿ ನೀರಿಗೆ ಇಳಿಬಿಟ್ಟೆವು. ಕೈ ಜಾರದಿರಲೆಂದು ಇಬ್ಬರೂ ಉಸಿರು ಬಿಟ್ಟಿರಲಿಲ್ಲ.

“ನಮ್ಮ ಮುತ್ಯಾ ಇದ್ರೂ ಇರಲಿ,” ಎಂದರು ಗೌಡರು. “ಜೀವಂತ ಇದ್ದಾವ್ರು ಮೊದಲ ಮ್ಯಾಲ ನಡೀರಿ.”

ಪೊಲೀಸರು ಬಂದರು, ಆಮೇಲೆ ಹೊರಗಿನಿಂದ ಬಾಂಬು ಬಲ್ಲವರು ಬಂದರು. ಹಗ್ಗ ಕಟ್ಟಿ ಎಲ್ಲರನ್ನೂ ದೂರ ಇಟ್ಟರು. ಅವರ ಮುಳುಗುಗಾರರು ಗಾಳಿಯ ಸಿಲಿಂಡರ್ ಹೊತ್ತು ಇಳಿದರು. ಇಂಜಿನ್ನಿನ ಮೇಲಿನ ಅಂಕಿ ಸಿಕ್ಕ ಮೇಲೆ ಗುರುತು ಖಚಿತವಾಯಿತು: ಯುದ್ಧಕಾಲದಲ್ಲಿ ಹೊರಟು ಹಿಂದಿರುಗದ, ಎಲ್ಲಿ ಬಿತ್ತೆಂದು ಯಾರಿಗೂ ತಿಳಿಯದ ಬಾಂಬರ್. ಬಾಗಿಲುಗಳ ಹಿಂದೆ ಬಾಂಬುಗಳಿದ್ದವು. ಅವನ್ನು ಬಯಲಿಗೆ ಒಯ್ದು ಸಿಡಿಸಿದ ದಿನ ನಾವು ರಾಜೇಶ್ವರದ ಹೋಟೆಲಿನಲ್ಲಿ ಕುಳಿತಿದ್ದೆವು. ಮೇಜಿನ ಮೇಲಿನ ಗ್ಲಾಸುಗಳು ಗಲಗಲ ಎಂದವು. ತಮ್ಮ ತನ್ನ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಆಗ ನಾನು ಬರೆದೆ. ಅಪಾಯ ತಪ್ಪಿದೆ, ಮಾನವ ಅವಶೇಷ ಪತ್ತೆಯಾಗಿಲ್ಲ ಎಂದು ಅಧಿಕಾರಿಗಳು ಹೇಳಿದ್ದನ್ನು ಹೇಳಿದಂತೆಯೇ ಬರೆದೆ. ಕುರ್ಚಿ ಖಾಲಿ ಇತ್ತು. ತಮ್ಮ ಮುಟ್ಟಿದ್ದು ಮೊಣಕಾಲಲ್ಲ. ಕುರ್ಚಿಯ ಮೇಲೆ ಮಡಚಿ ಇಟ್ಟಿದ್ದ ಪ್ಯಾರಾಚೂಟ್, ಕೆಸರಿನಲ್ಲಿ ಹುದುಗಿ ಕೊಳೆಯದೆ ಉಳಿದದ್ದು. ಓದಿ ಹೇಳಿದರೆ ಅವನು ಹಗುರಾದಾನು ಎಂದುಕೊಂಡಿದ್ದೆ.

ಅವನು ನನ್ನ ಕೈಯಿಂದ ಪತ್ರಿಕೆ ತೆಗೆದು ಮಡಚಿಟ್ಟ. “ಆ ಛತ್ರಿ ಇದ್ರ ಹಾರಿ ಉಳೀಬಹುದಲ್ಲಾ?”

“ಹೌದು.”

“ಮತ್ತ ಅದನ್ನ ಬಿಟ್ಟು ಅಂವ ಎಲ್ಲಿ ಹೋದ?”

ಈ ಪ್ರಶ್ನೆಯನ್ನು ನಾನು ಅಧಿಕಾರಿಗಳಿಗೂ ಕೇಳಿದೆ. ಉತ್ತರ ಬಂದಿಲ್ಲ.

ತಮ್ಮ ಈಗ ಮತ್ತೆ ಬಾವಿಗೆ ಇಳಿಯುತ್ತಿದ್ದಾನೆ. ಬೇರೆ ಕೆಲಸ ಅವನಿಗೆ ಬರುವುದಿಲ್ಲ. ಈಚೆಗೆ ಒಮ್ಮೆ ಜೊತೆಗೆ ಹೋಗಿದ್ದೆ. ಅವನು ಬಾವಿಯ ಅಂಚಿಗೆ ಹೋಗಿ, ಬಾಗಿ, ಒಳಗೆ ಕೂಗಿದ.

“ಯಾರರ ಅದೀರೇನ್ರೀ?”

“ಮೋಟಾರ್ ಬಿದ್ದದಪಾ,” ಎಂದು ಹೊಲದವರು ನಕ್ಕರು. “ಅದೇನು ‘ಓ’ ಅಂತದೇನು?”

ಅವನು ಕೈ ಎತ್ತಿ ಸುಮ್ಮನಿರಲು ಸನ್ನೆ ಮಾಡಿದ. ದನಿ ಕಲ್ಲಿಗೆ ಬಡಿದು ಪೂರಾ ಅಡಗುವವರೆಗೆ ಕಾದ. ನಾನೂ ಕಿವಿಗೊಟ್ಟು ನಿಂತಿದ್ದೆ. ಏನೂ ಕೇಳಿಸಲಿಲ್ಲ. ಅವನು ಇಳಿದ.