ಸೋಮವಾರದ ಸಾವುಗಳು

ನಮ್ಮತ್ತೆಗೆ ಅಕ್ಷರ ಬಾರದು, ಕಾದಂಬರಿಯ ಹುಚ್ಚು ಮಾತ್ರ ವಿಪರೀತ. ಮೂವತ್ತರ ದಶಕದಲ್ಲಿ ಅಂಕೋಲೆಯಿಂದ ಹಣಕೋಣಕ್ಕೆ ಸೊಸೆಯಾಗಿ ಬಂದ ನಾನು, ನಾಲ್ಕನೇ ಇಯತ್ತೆ ಓದಿದ ತಪ್ಪಿಗೆ ಸಿಕ್ಕಿಬಿದ್ದೆ. ದಿನವೂ ಅಡುಗೆ ಮಾಡುತ್ತಲೇ, ಹಳೆಯ ಕಾಲದ ದೇಸಾಯರ ಮನೆತನವೊಂದರ ಮೂರು ತಲೆಮಾರಿನ ಕತೆಯನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಬೇಕಿತ್ತು.

ಒಂದು ದಿನ ಕತೆಯ ಅಜ್ಜಿ ತೀರಿಕೊಂಡಳು. ಒಲೆಯ ಮೇಲೆ ಬಂಗಡೆ ಸಾರು ಕುದಿಯುತ್ತಿತ್ತು. ಅತ್ತೆ ಕಣ್ಣೊರೆಸಿಕೊಂಡು, "ಸಾವಾದ ದಿವ್ಸ ಮೀನು ತಿಂಬೂಕಾಗ್ತದ್ಯೇನೆ? ಇಳ್ಸೇ ಅದ್ನ" ಎಂದರು.

"ಅದು ಪುಸ್ತಕದ ಅಜ್ಜಿ, ಅತ್ತೇ!"

"ತಿಂಗ್ಳಿಂದ ದಿನಾ ನಮ್ಮನೇಲೇ ಇತ್ತಲ್ಲೇ ಅದು!"

ಸಾರೆಲ್ಲ ಪಕ್ಕದ ಮನೆಗೆ ಹೋಯಿತು. ನಾವು ಗಂಜಿ ಉಂಡೆವು. ಮುಂದಿನ ವಾರ ಕತೆಯ ಚಿಕ್ಕಪ್ಪ ಕೋಟೆ ಬಾಗಿಲಲ್ಲಿ ಕಾದಾಡಿ ಸತ್ತ, ಮತ್ತೆ ಗಂಜಿ. ನನಗೆ ಮೈಯೆಲ್ಲ ಉರಿದುಹೋಯಿತು.

ಅಂದಿನಿಂದ ನಾನು ಮುಂದಿನ ಪುಟಗಳನ್ನು ಮೊದಲೇ ಕದ್ದು ಓದಿಕೊಂಡು, ಸಾವುಗಳನ್ನೆಲ್ಲ ಸೋಮವಾರಕ್ಕೆ ತಳ್ಳತೊಡಗಿದೆ. ಸೋಮವಾರ ನಮ್ಮ ಮನೆಯಲ್ಲಿ ಹೇಗೂ ಮೀನಿಲ್ಲ. ಸಾಯುವವರು ಸಾಯಲಿ, ನನ್ನ ಸಾರು ಉಳಿಯಲಿ.

ಕೊನೆಗೆ ಆ ಮನೆಯ ಕಿರಿಸೊಸೆ ಹೆರಿಗೆಯಲ್ಲಿ ಸಾಯುವ ಪುಟ ಬಂತು. ಅದನ್ನೂ ಸೋಮವಾರಕ್ಕೇ ಇಟ್ಟಿದ್ದೆ. ಅತ್ತೆ ಸೆರಗು ಕೈಯಲ್ಲಿ ಹಿಡಿದು ಕಾದು ಕೂತಿದ್ದರು. ಒಲೆಯ ಮೇಲೆ ಬರೀ ಬೇಳೆ ಸಾರು, ಹಾಳಾಗುವಂಥದ್ದು ಏನೂ ಇರಲಿಲ್ಲ. ಓದಲು ಬಾಯಿ ತೆರೆದವಳು ಅತ್ತೆಯ ಮುಖ ನೋಡಿದೆ.

"ಗಂಡು ಮಗು, ಬಾಣಂತಿ ಕ್ಷೇಮ" ಎಂದು ಓದಿ, ಪುಟ ಮಗುಚಿಬಿಟ್ಟೆ.